ಅಜ್ಜಿಯ ಹಾಸಿಗೆ

ತೋಕ್ಲಿಂಗ್ ಕಣಿವೆಯವರಿಗೆ ಚಳಿಗಾಲದ ಮದುವೆ ಎಂಬ ಮಾತೇ ಗೊತ್ತಿರಲಿಲ್ಲ. ಹಿಮ ಬಿತ್ತೆಂದರೆ ಕಣಿವೆಗೆ ಅಗುಳಿ ಹಾಕಿದಂತೆ. ಆಚೆ ಹೋದವರು ಆಚೆಗೇ, ಈಚೆ ಉಳಿದವರು ಈಚೆಗೇ. ಹೆರಿಗೆಯಾಗಲಿ, ಹಲ್ಲುನೋವಾಗಲಿ, ಸಾವಾಗಲಿ, ಹಿಮ ಕರಗುವವರೆಗೆ ಎಲ್ಲವೂ ಒಳಗೊಳಗೇ ಮುಗಿಯಬೇಕು. ಅಂಥ ಊರಿನಿಂದ ಈಗ ಕೊರೆಯುವ ಚಳಿಯಲ್ಲಿ ದಿಬ್ಬಣ ಹೊರಡುತ್ತಿತ್ತು, ಅದೂ ಡೋಲು ಬಾರಿಸಿಕೊಂಡು. ಎಲ್ಲರ ಮಣಿಕಟ್ಟಿನಲ್ಲೂ ಒಂದೊಂದು ಪಟ್ಟಿ, ಪಟ್ಟಿಯಲ್ಲಿ ಹಸಿರು ದೀಪ.

ಆ ಹಸಿರನ್ನು ಕೊಟ್ಟವಳು ನೀಲಾಂಬಿಕಾ. ಗದಗಿನ ಹೆಣ್ಣುಮಗಳು. ಅವಳು ಹಿಮವನ್ನು ಮೊದಲು ನೋಡಿದ್ದೇ ಫ್ರಿಜ್ಜಿನೊಳಗೆ ಎಂದು ಗಂಡ ಚೆನ್ನವೀರ ಕಂಡಕಂಡವರಿಗೆಲ್ಲ ಹೇಳಿ ನಗುತ್ತಿದ್ದ. ಅವನು ದನದ ಡಾಕ್ಟರು. ಹೆಂಡತಿಗೆ ಈ ಕಣಿವೆಯ ಹಿಮಕೇಂದ್ರದಲ್ಲಿ ಕೆಲಸ ಸಿಕ್ಕಾಗ, ಯಾರಿಗೂ ಬೇಡವಾಗಿ ಖಾಲಿ ಬಿದ್ದಿದ್ದ ಇಲ್ಲಿನ ಪಶು ಆಸ್ಪತ್ರೆಯನ್ನು ತಾನಾಗಿ ಕೇಳಿ ಬರೆಸಿಕೊಂಡು ಬಂದಿದ್ದ. ಈಗ ಊರಿನ ಅರ್ಧ ಜನ ಅವನ ನೆಂಟರು, ಎಲ್ಲ ಕುರಿಗಳೂ ಅವನ ನೆಂಟರೇ.

ಆ ದಿನ ಬೆಳಿಗ್ಗೆ ಅವನು ಕನ್ನಡಿಯ ಮುಂದೆ ಒದ್ದಾಡುತ್ತಿದ್ದ.

"ನೀಲಾ, ಈ ಕೋಟು ನೋಡಿಲ್ಲೆ. ಗುಂಡಿ ಹಾಕಿದ್ರ ಉಸಿರು ಬಿಡಾಕ ಆಗವಲ್ದು."

"ಕೋಟಿನ ತಪ್ಪಲ್ಲ ಬಿಡ್ರಿ, ಹೊಟ್ಟಿದು. ದಿನಾ ಅವರಿವರ ಮನ್ಯಾಗ ಬೆಣ್ಣಿ ಚಾ ಕುಡದ್ರ ಮತ್ತೇನಾಗತೈತಿ?"

"ಕೊಟ್ಟದ್ದು ಒಲ್ಲೆ ಅಂದ್ರ ಅವರಿಗೆ ಬ್ಯಾಸರ ಆಗತೈತಿ."

"ಹೌದ್ರಿ, ಪಾಪ, ಅವರ ಸಲುವಾಗಿ ಕುಡೀತೀರಿ."

ಮದುವೆ ಗಂಡು ಪಲ್ದೆನ್. ನೀಲಾಂಬಿಕಾಳ ಕೈಕೆಳಗೆ ಕೆಲಸ ಮಾಡುವ ಯಾಂಗ್‌ಜಿನ್‌ಳ ತಮ್ಮ. ಹೆಣ್ಣು ಕಣಿವೆಯಾಚೆಯ ಊರಿನವಳು. ಅವಳನ್ನು ಕೂರಿಸಿಕೊಂಡು ಬರಲು ಒಂದು ಬಿಳಿ ಕುದುರೆಯೂ ದಿಬ್ಬಣದ ಜೊತೆ ಹೊರಟಿತ್ತು. ಕೆಮ್ಮು ಬಂದು ಸಾಯಲು ಬಿದ್ದಿದ್ದ ಆ ಕುದುರೆಯನ್ನು ಚೆನ್ನವೀರನೇ ಬದುಕಿಸಿದ್ದು. ಅಂದಿನಿಂದ ಅದು ಬೇರೆ ಯಾರ ಮಾತಿಗೂ ಕಿವಿಗೊಡುತ್ತಿರಲಿಲ್ಲ.

"ಎಲ್ಲಾರೂ ಮುಂದ, ಅವರ ಹಿಂದ ಕುದರಿ, ಕುದರಿ ಹಿಂದ ನಾನು" ಎಂದ ಅವನು. "ದಿಬ್ಬಣದಾಗ ನನ್ನ ಮಾರಿ ಯಾರಿಗೂ ಕಾಣೂದಿಲ್ಲ. ಈ ಕೋಟು ಯಾಕ ಬೇಕಿತ್ತು ಹೇಳು."

"ವಯರ್‌ಲೆಸ್ ಸೆಟ್ ತಗೊಂಡಾರೇನ್ರಿ?"

"ಊರ ಹಿರ್ಯಾ ಮೇಮೆ ಮನ್ಯಾಗ ಗ್ವಾಡಿಗೆ ತೂಗಹಾಕ್ಯಾರ. ಅಷ್ಟು ಭಾರದ್ದು ಯಾರು ಹೊರತಾರ? ನಿನ್ನ ಹಸಿರು ಐತೆಲ್ಲ." ಮಣಿಕಟ್ಟು ಎತ್ತಿ ತೋರಿಸಿದ.

ನೀಲಾಂಬಿಕಾಗೆ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲಿ, ಸೆಟ್ಟು ತೆಗೆದುಕೊಂಡೇ ಹೋಗಿ ಎಂದು ಹೇಳಬೇಕಾದ ಮಾತು ಬಾಯಲ್ಲೇ ಉಳಿಯಿತು.

ಅವಳ ಯಂತ್ರವನ್ನು ಊರಿನವರು 'ಕಿವಿ' ಎಂದು ಕರೆಯುತ್ತಿದ್ದರು. ಹೆಸರು ಸರಿಯಾಗಿಯೇ ಇತ್ತು. ಕಣಿವೆಯಾಚೆಗೆ ಹೋಗುವ ದಾರಿ ಹಾಯುವ ಇಳಿಜಾರಿನಲ್ಲಿ, ಹಿಮ ಬೀಳುವ ಮೊದಲೇ, ಕೂದಲೆಳೆಯಷ್ಟು ತೆಳ್ಳಗಿನ ಗಾಜಿನ ಎಳೆಗಳನ್ನು ನೆಲದ ಮೇಲೆ ಬಲೆಯಂತೆ ಹಾಸಿಬಿಡುವುದು. ಎಳೆಯೊಳಗೆ ಸದಾ ಬೆಳಕು ಹರಿಯುತ್ತಿರುತ್ತದೆ. ಮೇಲೆ ಹಿಮ ಸ್ವಲ್ಪ ಜರುಗಿದರೂ, ಒಂದು ನರಿ ಓಡಿದರೂ ಎಳೆ ನಡುಗುತ್ತದೆ, ಬೆಳಕು ತುಸು ಕದಲುತ್ತದೆ. ಆ ಕದಲಿಕೆಯನ್ನು ಕಂಪ್ಯೂಟರು ಸದ್ದಾಗಿ ಮಾಡಿ ಕೇಳಿಸಿಕೊಳ್ಳುತ್ತದೆ. ಎರಡು ಚಳಿಗಾಲ ಅದು ಬರೀ ಕೇಳುತ್ತ ಕೂತಿತ್ತು. ಯಾವ ಕಿರುಗುಟ್ಟುವಿಕೆಯ ನಂತರ ಹಿಮ ಕುಸಿಯಿತು, ಯಾವ ಮೌನದ ನಂತರ ಕುಸಿಯಲಿಲ್ಲ ಎಂದು ತಾನೇ ಕಲಿತುಕೊಂಡಿತು. ಮೂರನೆಯ ವರ್ಷ ಪಟ್ಟಿಗಳು ಬಂದವು. ಅವು ಮಾತಾಡುವುದಿಲ್ಲ, ಎಲ್ಲರಿಗೂ ಒಟ್ಟಿಗೇ ಒಂದೇ ಬಣ್ಣ ತೋರಿಸುತ್ತವೆ ಅಷ್ಟೇ. ಮೊದಮೊದಲು ಮೂರು ಬಣ್ಣ ಇದ್ದವು. ಹಳದಿ ಬಂದರೆ ನಿಲ್ಲದೆ, ದೂರದೂರ ಬಿಟ್ಟುಕೊಂಡು ಬೇಗ ದಾಟಿಬಿಡಿ ಎಂದರ್ಥ. ಆದರೆ ಹಳದಿ ಕಂಡರೆ ಜನ ದಾರಿಯ ನಡುವೆಯೇ ನಿಂತು ಚರ್ಚೆಗೆ ಶುರುವಿಡುತ್ತಿದ್ದರು. ಸಾಕಾಗಿ ಹೋಗಿ ನೀಲಾಂಬಿಕಾ ಹಳದಿಯನ್ನೇ ಕಿತ್ತುಹಾಕಿದಳು. ಹಸಿರು ಎಂದರೆ ನಡೆ. ಕೆಂಪು ಎಂದರೆ ಮರುಮಾತಿಲ್ಲದೆ ತಿರುಗು, ಬಂದ ದಾರಿಯಲ್ಲೇ ಓಡು. ಕಣದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಸೀಟಿ ಊದಿ, ಮಕ್ಕಳಿಗೆ ಡ್ರಿಲ್ ಮಾಡಿಸಿದಂತೆ ಮಾಡಿಸಿದ್ದಳು. ಪಟ್ಟಿ ಬಂದ ಮೇಲೆ ಹಿಮದಡಿ ಒಬ್ಬರೂ ಸತ್ತಿರಲಿಲ್ಲ.

ಆ ಇಳಿಜಾರಿಗೆ ಊರಿನವರು ಅಜ್ಜಿ ಎನ್ನುತ್ತಾರೆ. ಅಜ್ಜಿ ಅವರ ದೇವತೆ. ಚಳಿಗಾಲದಲ್ಲಿ ಅಲ್ಲಿ ಮಲಗುತ್ತಾಳಂತೆ, ಹಾಸಿಗೆ ಒತ್ತಿದರೆ ಮಗ್ಗುಲು ಬದಲಿಸುತ್ತಾಳಂತೆ. ಅವಳು ಮಗ್ಗುಲು ಬದಲಿಸಿದಾಗ ಕೆಳಗಿದ್ದವರ ಕತೆ ಮುಗಿಯಿತು. ಅದಕ್ಕೇ ಮೊದಲ ದೊಡ್ಡ ಹಿಮ ಬಿದ್ದೊಡನೆ ಇಡೀ ಊರು, ಮುದುಕರು ಮಕ್ಕಳು ಸಮೇತ, ಕೈಕೈ ಹಿಡಿದು ಸಾಲುಗಟ್ಟಿ, ಹಾಡಿಕೊಂಡು, ಇಳಿಜಾರನ್ನು ಮೇಲಿಂದ ಕೆಳಗಿನವರೆಗೆ ತುಳಿಯುತ್ತಿತ್ತು. ಅಜ್ಜಿಯ ಹಾಸಿಗೆ ಹದ ಮಾಡುವುದು ಎಂದು ಅದಕ್ಕೆ ಹೆಸರು. ಯಾಕೆ ಎಂದು ಕೇಳಿದರೆ ಅಜ್ಜಿಗೆ ಸುಖನಿದ್ದೆ ಬರಲಿ ಅಂತ ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ.

ತುಳಿದಾಗಲೆಲ್ಲ ಒಂದಷ್ಟು ಎಳೆಗಳು ತುಂಡಾಗುತ್ತಿದ್ದವು, ಹುಡುಕಿ ಬೆಸೆಯಬೇಕಾಗುತ್ತಿತ್ತು. ಈ ವರ್ಷ ಇನ್ನೂ ಸೂಕ್ಷ್ಮವಾದ ಹೊಸ ಎಳೆಗಳು ಬಂದಿದ್ದರಿಂದ ನೀಲಾಂಬಿಕಾ ಊರ ಹಿರಿಯ ಉರ್ಗ್ಯಾನ್ ಮೇಮೆಯ ಮನೆಗೆ ಹೋಗಿದ್ದಳು. ಮೇಮೆ ಎಂದರೆ ಅಲ್ಲಿ ತಾತ. ಅಲ್ಲಿನ ಭಾಷೆ ಅವಳಿಗೆ ಅಷ್ಟರಲ್ಲಿ ಬಾಯಿಗೆ ಬಂದಿತ್ತು. ಜಗಳವಾದೀತೆಂದು ಹೆದರಿಕೊಂಡೇ ಮಾತು ತೆಗೆದಳು.

"ಮೇಮೆ, ಈ ಸಲ ತುಳಿಯೋದು ಬೇಡ. ಎಳೆ ಹಾಳಾಗ್ತವೆ."

ಮುದುಕ ಮೊಣಕಾಲು ನೀವಿಕೊಂಡು ನಕ್ಕುಬಿಟ್ಟ. "ಬೇಡ ಅಂತ ಯಾರಾದ್ರೂ ಹೇಳಲಿ ಅಂತ ನಲವತ್ತು ವರ್ಷದಿಂದ ಕಾಯ್ತಿದ್ದೆ ಮೇಡಂ. ನನ್ನ ಮಂಡಿ ಉಳೀತು. ಅಜ್ಜಿಗೆ ನಾನು ಹೇಳ್ಕೋತೀನಿ ಬಿಡಿ."

ಊರಿಗೆ ಊರೇ ಖುಷಿಪಟ್ಟಿತು.

ದಿಬ್ಬಣ ಹೊರಟ ಮೇಲೆ ನೀಲಾಂಬಿಕಾ ಹಿಮಕೇಂದ್ರಕ್ಕೆ ಬಂದಳು. ಎರಡು ಕೋಣೆ, ಒಂದು ಬುಖಾರಿ ಒಲೆ, ಗೋಡೆ ತುಂಬ ಪರದೆಗಳು. ಯಾಂಗ್‌ಜಿನ್ ಸ್ಪೀಕರಿಗೆ ಕಿವಿಗೊಟ್ಟು ಕೂತಿದ್ದಳು. ದಿಬ್ಬಣ ಇಳಿಜಾರನ್ನು ತಲುಪಲು ಇನ್ನೂ ಹೊತ್ತಿತ್ತು.

"ಡೋಲು ಬಾರಿಸ್ಕೊಂಡು ಹೋದ್ರಲ್ಲ ಮೇಡಂ, ಆ ಸದ್ದಿಗೆ ಹಿಮ ಬೀಳಲ್ವಾ? ನಮ್ಮಮ್ಮ ಕೆಮ್ಮೋಕೂ ಬಿಡ್ತಿರಲಿಲ್ಲ."

"ಸದ್ದಿಗೆಲ್ಲ ಬೀಳಲ್ಲ. ಬೀಳೋದು ತೂಕಕ್ಕೆ. ಗಾಳಿ ಹೊಸ ಹಿಮ ತಂದು ಹೇರತ್ತೆ, ಆಮೇಲೆ ಒಬ್ಬ ಮನುಷ್ಯ ಕಾಲಿಟ್ಟರೂ ಸಾಕು."

ಮೂರು ದಿನ ಗಾಳಿ ಸಮೇತ ಹಿಮ ಬಿದ್ದು ನಿನ್ನೆಯಷ್ಟೇ ಹೊಳವಾಗಿತ್ತು. ಪರದೆ ನೋಡಿದರೆ ಶಾಂತ. ಕಿರುಗುಟ್ಟಿಲ್ಲ, ಬಿರುಕಿಲ್ಲ. ಇಷ್ಟು ಶಾಂತವಾಗಿದ್ದ ಇಳಿಜಾರನ್ನು ಅವಳು ಈ ಐದು ಚಳಿಗಾಲಗಳಲ್ಲಿ ನೋಡಿರಲಿಲ್ಲ. ಹಾಗಿದ್ದದ್ದೇ ಅನುಮಾನಕ್ಕೆ ಕಾರಣವಾಗಬೇಕಿತ್ತು, ಆಗಲಿಲ್ಲ. ರೊಟ್ಟಿ ಮಾಡಿಟ್ಟಿದ್ದೇನೆ, ತರುತ್ತೇನೆ ಎಂದು ಎದ್ದು ಮನೆಗೆ ಹೋದಳು.

ಮನೆಯ ಹಿಂದೆ ಸೌದೆ ಒಟ್ಟಿತ್ತು. ಅಲ್ಲಿಗೆ ಚೆನ್ನವೀರ ದಿನವೂ ಓಡಾಡಿ ಒಂದು ಕಾಲುದಾರಿ ಮಾಡಿದ್ದ. ಒಲೆಗೆ ನಾಲ್ಕು ಸೌದೆ ತರೋಣವೆಂದು ಹೋದ ನೀಲಾಂಬಿಕಾ ಆತುರದಲ್ಲಿ ದಾರಿ ಬಿಟ್ಟು ಪಕ್ಕಕ್ಕೆ ಕಾಲಿಟ್ಟಳು. ಕಾಲು ಇಳಿಯಿತು. ಮೊಣಕಾಲು ದಾಟಿ, ತೊಡೆ ದಾಟಿ, ನೆಲ ಮುಟ್ಟುವವರೆಗೂ ಇಳಿಯಿತು. ಮೇಲಿನ ಹೊಸ ಹಿಮ ಹಲಗೆಯಂತೆ ಒಡೆದು ನಿಂತಿತ್ತು. ಅದರ ಕೆಳಗಿನದು ಮಾತ್ರ ಹಿಮದ ಹಾಗೆ ಇರಲೇ ಇಲ್ಲ. ಬಗ್ಗಿ ಬೊಗಸೆ ತುಂಬ ತೆಗೆದಳು. ಬೆರಳ ಸಂದಿಯಿಂದ ಸಕ್ಕರೆಯ ಹಾಗೆ ಸುರಿದುಹೋಯಿತು.

ಪಕ್ಕದಲ್ಲಿ ಗಂಡನ ಕಾಲುದಾರಿ. ಅದರ ಮೇಲೆ ಜೋರಾಗಿ ತುಳಿದಳು. ಸಿಮೆಂಟು ಹಾಕಿದಂತೆ ಗಟ್ಟಿಯಾಗಿತ್ತು. ಒಂದೇ ಹಿತ್ತಲು, ಒಂದೇ ಹಿಮ.

ಅವಳಿಗೆ ಎಲ್ಲವೂ ಒಂದೇ ಏಟಿಗೆ ತಿಳಿಯಿತು. ಈ ಸಲ ಮೊದಲ ಹಿಮ ಬೇಗ ಬಿದ್ದಿತ್ತು, ಆಮೇಲೆ ವಾರಗಟ್ಟಲೆ ಬರೀ ಒಣ ಚಳಿ. ತೆಳುವಾದ ಹಿಮದ ಕೆಳಗೆ ನೆಲ ಬೆಚ್ಚಗೆ, ಮೇಲೆ ಗಾಳಿ ಕೊರೆಯುವಷ್ಟು ತಣ್ಣಗೆ. ಅಂಥ ಹೊತ್ತಿನಲ್ಲಿ ಹಿಮದ ಕಣಗಳು ಒಂದರ ಕೈ ಒಂದು ಬಿಟ್ಟು, ಬಿಡಿಬಿಡಿಯಾಗಿ ದಪ್ಪಗಾಗುತ್ತವೆ. ಸಕ್ಕರೆ ಆಗುತ್ತವೆ. ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು. ತೋಕ್ಲಿಂಗಿನ ಇಳಿಜಾರಿನಲ್ಲಿ ಅದು ಯಾಕೆ ಎಂದೂ ಕಾಣಿಸಿರಲಿಲ್ಲ ಎಂದು ಮಾತ್ರ ಕೇಳಿಕೊಂಡಿರಲಿಲ್ಲ. ಊರು ತುಳಿಯುತ್ತಿತ್ತು, ಅದಕ್ಕೆ. ತುಳಿದ ಹಿಮ ಒತ್ತಿಕೊಂಡು ಗಟ್ಟಿಯಾಗುತ್ತದೆ, ಸಕ್ಕರೆಯಾಗಲು ಬಿಡುವುದಿಲ್ಲ. ಅವಳ ಯಂತ್ರ ಪಾಠ ಕಲಿತದ್ದೆಲ್ಲ ತುಳಿದ ಹಾಸಿಗೆಯ ಮೇಲೆ. ಅಲ್ಲಿ ಮೌನ ಎಂದರೆ ಗಟ್ಟಿ. ಸಕ್ಕರೆ ಕಿರುಗುಟ್ಟುವುದಿಲ್ಲ. ತೂಕ ತಡೆಯುವಷ್ಟು ಹೊತ್ತು ಸುಮ್ಮನಿದ್ದು, ತಡೆಯಲಾರದಾದಾಗ ಒಟ್ಟಿಗೇ ಕುಸಿಯುತ್ತದೆ. ಯಂತ್ರ ಆ ಮೌನವನ್ನು ಕೇಳಿ ಹಸಿರು ಹತ್ತಿಸಿತ್ತು.

ಅವಳು ಓಡಿದಳು. ಎರಡು ಸಲ ಬಿದ್ದಳು. ಶಿವನೇ, ಇನ್ನೂ ತಲುಪದೇ ಇರಲಿ ಎಂದುಕೊಂಡೇ ಓಡಿದಳು.

ಬಾಗಿಲು ತೆರೆದಾಗ ಸ್ಪೀಕರಿನ ತುಂಬ ಹೆಜ್ಜೆ ಸದ್ದು. ಚರಕ್, ಚರಕ್, ಚರಕ್. ದಿಬ್ಬಣ ಹೇಳಿಕೊಟ್ಟ ಪ್ರಕಾರ ಒಬ್ಬರಿಂದೊಬ್ಬರಿಗೆ ಅಂತರ ಬಿಟ್ಟು ಸಾಲಾಗಿ ನಡೆಯುತ್ತಿತ್ತು. ಮುಂದಿನವರು ಅರ್ಧ ದಾಟಿದ್ದರು. ನಡುವಿನವರೆಲ್ಲ ಇಳಿಜಾರಿನ ಹೊಟ್ಟೆಯ ಕೆಳಗಿದ್ದರು. ಈಚೆ ತುದಿಯಲ್ಲಿ, ಬಂಡೆಯ ಪಕ್ಕದಲ್ಲಿ, ನಾಲ್ಕು ಗೊರಸಿನ ಸದ್ದು ಆಗಷ್ಟೇ ಶುರುವಾಗಿತ್ತು.

"ಕೆಳಗೆಲ್ಲ ಸಕ್ಕರೆ!" ಎಂದು ಕೂಗಿದಳು ನೀಲಾಂಬಿಕಾ. "ಹಸಿರು ಸುಳ್ಳು, ಯಾಂಗ್‌ಜಿನ್!"

ಯಾಂಗ್‌ಜಿನ್‌ಳ ಕೈ ತಾನಾಗಿ ಕೆಂಪು ಗುಂಡಿಯ ಮೇಲೆ ಹೋಯಿತು. ಹಾಗೆಂದು ಕಲಿಸಿದವಳು ನೀಲಾಂಬಿಕಾಳೇ. ನೀಲಾಂಬಿಕಾ ಆ ಕೈಯನ್ನು ಹಿಡಿದುಕೊಂಡಳು.

ಕೆಂಪು ಹತ್ತಿದರೆ ಅವರು ಏನು ಮಾಡುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲರೂ ಮರುಮಾತಿಲ್ಲದೆ ತಿರುಗುತ್ತಾರೆ. ಅರ್ಧ ದಾಟಿದವರೂ ತಿರುಗಿ ಓಡಿ ಬರುತ್ತಾರೆ. ಒಬ್ಬರೇ ನಡೆಯುವಷ್ಟು ಅಗಲದ ದಾರಿ, ಅದರ ಬಾಯಿಗೆ ಅಡ್ಡವಾಗಿ ಕುದುರೆ. ಕುದುರೆ ತಿರುಗುವಷ್ಟರಲ್ಲಿ ಇಡೀ ದಿಬ್ಬಣ ಅದರ ಮುಂದೆ ಒಂದೇ ಕಡೆ ಗುಂಪಾಗಿ ನಿಲ್ಲುತ್ತದೆ, ಅಷ್ಟೂ ಜನರ ಭಾರ ಆ ಸಕ್ಕರೆಯ ಮೇಲೆ. ಉಳಿಯುವವನು ಒಬ್ಬನೇ, ಕುದುರೆಯ ಹಿಂದಿರುವವನು. ನಾಲ್ಕು ಹೆಜ್ಜೆ ಹಿಂದಿಟ್ಟರೆ ಅವನಿಗೆ ಬಂಡೆಯ ಮರೆ.

ಹಸಿರು ಇದ್ದರೆ ಅವರು ನಡೆಯುತ್ತಾರೆ. ಒಬ್ಬೊಬ್ಬರಾಗಿ, ಹಗುರಾಗಿ. ಮುಂದಿನವರು ದಾಟಿಬಿಡಬಹುದು, ನಡುವಿನವರೂ ದಾಟಬಹುದು. ಒಬ್ಬೊಬ್ಬರು ದಾಟಿದಾಗಲೂ ಹಿಮ ಒಂದಿಷ್ಟು ಸೋಲುತ್ತದೆ. ಅದರ ಪೂರ್ತಿ ಲೆಕ್ಕ ಬೀಳುವುದು ಕೊನೆಯಲ್ಲಿ ಬರುವವನ ಮೇಲೆ.

ಹಳದಿ ಇದ್ದಿದ್ದರೆ, ಎಂದುಕೊಂಡಳು. ಹಳದಿ ಇರಲಿಲ್ಲ, ಕೂಗಿ ಹೇಳೋಣವೆಂದರೆ ವಯರ್‌ಲೆಸ್ ಸೆಟ್ಟು ಮೇಮೆಯ ಗೋಡೆಯ ಮೇಲಿತ್ತು.

"ಮೇಡಂ, ಕೆಂಪು ಒತ್ತಬೇಕು! ಕೈ ಬಿಡಿ!"

"ಬೇಡ."

"ನನ್ನ ತಮ್ಮ ಇದ್ದಾನೆ ಅಲ್ಲಿ!"

"ಅವನು ನಡುವೆ ಇದ್ದಾನೆ. ಒತ್ತಿದರೆ ಅವನು ಸಾಯ್ತಾನೆ."

ಯಾಂಗ್‌ಜಿನ್ ಪರದೆ ನೋಡಿದಳು. ಕುದುರೆಯ ಗೊರಸಿನ ಗುರುತು ನೋಡಿದಳು. ಅವಳಿಗೂ ಲೆಕ್ಕ ಹತ್ತಿತು. "ಡಾಕ್ಟರ್ ಸಾಬ್ ಕೊನೆಯಲ್ಲಿದ್ದಾರೆ" ಎಂದಳು ಮೆಲ್ಲಗೆ.

"ಗೊತ್ತು."

ಇಬ್ಬರೂ ಕೈ ಹಿಡಿದುಕೊಂಡೇ ಕೇಳುತ್ತ ನಿಂತರು. ಒಂದು ಹೆಜ್ಜೆ ಸದ್ದು ಆಚೆಯ ಬಂಡೆ ಹತ್ತಿ ಅಡಗಿತು. ಮತ್ತೊಂದು ಅಡಗಿತು. ನೀಲಾಂಬಿಕಾಗೆ ಆ ಜನರ ಮೇಲೆ ಸಿಟ್ಟು ಬಂತು. ಎಷ್ಟು ನಿಧಾನ ನಡೆಯುತ್ತಾರೆ, ಯಾರಾದರೂ ಓಡಬಾರದೆ! ಈಚೆ ತುದಿಯಿಂದ ಗೊರಸಿನ ಸದ್ದು ಒಂದೇ ಸಮನೆ ಮುಂದೆ ಬರುತ್ತಿತ್ತು, ಅದರ ಹಿಂದೆ ಎರಡು ಕಾಲಿನ ಸದ್ದು. ಅವನು ಕುದುರೆಗೆ ಏನೋ ಹೇಳುತ್ತಿರಬೇಕು. ಕುದುರೆಗೂ ಕನ್ನಡದಲ್ಲೇ ಮಾತಾಡುವ ಮನುಷ್ಯ. ನಿಲ್ರೀ, ಅಲ್ಲೇ ನಿಲ್ರೀ ಎಂದು ಅವಳು ಮನಸ್ಸಿನಲ್ಲೇ ಕೂಗಿಕೊಂಡಳು. ಅವನು ಮಣಿಕಟ್ಟು ನೋಡಿಕೊಂಡಿರಬೇಕು, ಹಸಿರು ಕಂಡಿರಬೇಕು, ಅವನು ನಿಲ್ಲಲಿಲ್ಲ.

ದಿಬ್ಬಣದ ಕೊನೆಯ ಹೆಜ್ಜೆ ಆಚೆಯ ಬಂಡೆಯಲ್ಲಿ ಅಡಗಿತು. ದಾಟಿದ ಖುಷಿಗೆ ಅಲ್ಲಿ ಡೋಲು ಶುರುವಾಯಿತು. ಎಳೆಗಳಲ್ಲಿ ಅದು ದೂರದ ಎದೆಬಡಿತದಂತೆ ಕೇಳಿಸಿತು. ಇಳಿಜಾರಿನ ನಟ್ಟನಡುವೆ ಈಗ ಕುದುರೆ, ಕುದುರೆಯ ಹಿಂದೆ ಅವನು.

ಈಗ ಒತ್ತಲೇ ಎಂದುಕೊಂಡಳು. ಒತ್ತಿದರೆ ತಿರುಗುತ್ತಾನೆ, ಬಂದಷ್ಟೇ ದೂರ ಮತ್ತೆ ನಡೆಯಬೇಕು. ಆಚೆಗೂ ಅಷ್ಟೇ, ಈಚೆಗೂ ಅಷ್ಟೇ. ಅವಳು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ನಿಂತಳು.

ಧಂ ಎಂದಿತು. ಪಕ್ಕದ ಮನೆಯ ಬಾಗಿಲನ್ನು ಯಾರೋ ಜೋರಾಗಿ ಹಾಕಿಕೊಂಡಂತೆ. ಆಮೇಲೆ ಸ್ಪೀಕರು ಒಡೆದುಹೋಗುವಷ್ಟು ಮೊರೆತ, ಆಮೇಲೆ ಒಂದೊಂದೇ ಎಳೆ ಕಡಿದ ಸದ್ದು, ಆಮೇಲೆ ಏನೂ ಇಲ್ಲ.

ಪರದೆ ಮತ್ತೆ ಶಾಂತವಾಯಿತು. ಯಂತ್ರ ಸ್ವಲ್ಪ ಹೊತ್ತು ಆ ಮೌನವನ್ನು ಕೇಳಿಸಿಕೊಂಡಿತು. ಕೇಳಿಸಿಕೊಂಡು ಹಸಿರು ದೀಪ ಹಾಗೇ ಇರಿಸಿತು.

ಆಚೆಗೆ ದಾಟಿದವರು ಹಿಂದಿರುಗಿ ಅಗೆದರು. ಊರಿನವರು ಸಲಿಕೆ ಹಿಡಿದು ಈಚೆಯಿಂದ ಅಗೆದರು. ಮೊದಲು ಕುದುರೆ ಸಿಕ್ಕಿತು. ಹೊತ್ತು ಮುಳುಗುವ ಮುಂಚೆ ಅವನೂ ಸಿಕ್ಕಿದ. ಕೋಟಿನ ಗುಂಡಿಗಳೆಲ್ಲ ಹಾಕಿದಂತೆಯೇ ಇದ್ದವು. ಪಲ್ದೆನ್ ಮದುವೆಯ ಪೇಟ ತೆಗೆದು ಅವನ ಮುಖ ಮುಚ್ಚಿದ. ನೀಲಾಂಬಿಕಾ ಹತ್ತಿರ ಬರುವ ಮೊದಲು ಯಾಂಗ್‌ಜಿನ್ ಬಗ್ಗಿ ಅವನ ಮಣಿಕಟ್ಟಿನಿಂದ ಪಟ್ಟಿ ಬಿಚ್ಚಿ ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಳು.

"ಯಾವ ಬಣ್ಣ ಇತ್ತು?" ಎಂದು ನೀಲಾಂಬಿಕಾ ಕೇಳಿದಳು.

ಯಾಂಗ್‌ಜಿನ್ ಪಟ್ಟಿಯನ್ನು ಜೇಬಿಗೆ ಇಳಿಸಿದಳು. ಆಮೇಲೆ, "ಹಸಿರು" ಎಂದಳು.

ವಿಚಾರಣೆಗೆ ಹೆಲಿಕಾಪ್ಟರಿನಲ್ಲಿ ಬಂದವರು ಯಂತ್ರ ಎಲ್ಲಿ ತಪ್ಪಿತೆಂದು ಬರೆದುಕೊಂಡರು. ಊರು ತುಳಿಯುವುದನ್ನು ನಿಲ್ಲಿಸಿದ್ದು ನಾನು, ಗೊತ್ತಿದ್ದೂ ಹಸಿರು ಉಳಿಸಿದ್ದು ನಾನು ಎಂದು ನೀಲಾಂಬಿಕಾ ಹೇಳಿದಳು. ಪಾಪ, ದುಃಖದಲ್ಲಿ ಏನೇನೋ ಹೇಳುತ್ತಿದ್ದಾರೆ ಎಂದು ಅವರು ಪೆನ್ನು ಮುಚ್ಚಿದರು. ಊರಿನವರು ಬಾರ್ಲಿ ಹಿಟ್ಟು, ಬೆಣ್ಣೆ ತಂದುಕೊಟ್ಟು ಸಾಲಾಗಿ ಕೂತರು. ಅವರಲ್ಲೊಬ್ಬಳು, "ಅಜ್ಜಿ ದೊಡ್ಡವಳು, ನಮ್ಮೂರಿನವರು ಒಬ್ಬರೂ ಹೋಗಲಿಲ್ಲ" ಎಂದು ಹೇಳಿ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ನೀಲಾಂಬಿಕಾಗೆ ಅವಳ ಮೇಲೆ ಕೋಪ ಬರಲಿಲ್ಲ. ಅವಳೂ ಅದನ್ನೇ ಆರಿಸಿದ್ದಳಲ್ಲ. ಆದರೆ ಕೆಲವು ದಿನ, ಒಬ್ಬಳೇ ಊಟಕ್ಕೆ ಕೂತಾಗ, ಆ ಊರಿನ ಒಬ್ಬೊಬ್ಬರ ಮುಖವೂ ನೆನಪಾಗಿ ಇವರಿಗಾಗಿಯೇ ಎಂದು ಹೊಟ್ಟೆ ಉರಿಯುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಗದಗಿನಿಂದ ಅಣ್ಣ ಕರೆಯಲು ಬಂದ. ಹೋಗಲಿಲ್ಲ.

ಮುಂದಿನ ವರ್ಷ ಮೊದಲ ಹಿಮ ಬಿದ್ದ ಬೆಳಿಗ್ಗೆ ಉರ್ಗ್ಯಾನ್ ಮೇಮೆ ಕೋಲೂರಿಕೊಂಡು ಹಿಮಕೇಂದ್ರಕ್ಕೆ ಬಂದ. ಪಟ್ಟಿ ಯಾವಾಗ ಕೊಡುತ್ತೀರಿ ಎಂದು ಕೇಳಲು ಬಂದಿದ್ದ. ಚಳಿಗಾಲದಲ್ಲಿ ಬಾಗಿಲು ಹಾಕಿಕೊಂಡು ಕೂರುವುದು ಈಗ ಯಾರಿಗೂ ಬೇಕಿರಲಿಲ್ಲ.

"ಕೊಡ್ತೀನಿ. ಈ ಸಲ ಮೂರು ಬಣ್ಣ ಇರತ್ತೆ. ಆದರೆ ಮೊದಲು ಹಾಸಿಗೆ ತುಳೀಬೇಕು ಮೇಮೆ."

ಮುದುಕ ತಬ್ಬಿಬ್ಬಾದ. "ಎಳೆ ಮುರಿಯತ್ತೆ ಅಂದಿದ್ರಲ್ಲ?"

"ಮುರೀಲಿ."

ಡಂಗುರ ಹೊಡೆಸಿದರೂ ಬಂದವರು ಅರ್ಧ ಊರು ಮಾತ್ರ. ಒಂದು ವರ್ಷ ತಪ್ಪಿದ ಹಾಡಿಗೆ ನಡುವಿನ ಸಾಲುಗಳೇ ನೆನಪಾಗದೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಮೆ ಶುರುಮಾಡಿದ, ನಿಲ್ಲಿಸಿದ, ಮತ್ತೆ ಮೊದಲಿನಿಂದ ಶುರುಮಾಡಿದ. ಸಾಲಿನಲ್ಲಿ ನೀಲಾಂಬಿಕಾಳ ಒಂದು ಕೈ ಯಾಂಗ್‌ಜಿನ್ ಹಿಡಿದಿದ್ದಳು, ಇನ್ನೊಂದು ಕೈಯನ್ನು ಪಲ್ದೆನ್‌ನ ಹೊಸ ಹೆಂಡತಿ. ಆ ಹುಡುಗಿ ಕೊನೆಗೂ ಬೇಸಿಗೆಯಲ್ಲಿ, ಕುದುರೆಯಿಲ್ಲದೆ, ನಡೆದೇ ಬಂದಿದ್ದಳು.

ಮೇಲಿಂದ ತುಳಿಯುತ್ತ ಇಳಿದರು. ಹೆಜ್ಜೆಯ ಕೆಳಗೆ ಎಳೆಗಳು ತುಂಡಾಗುತ್ತಿರುವುದು ನೀಲಾಂಬಿಕಾಗೆ ಗೊತ್ತಿತ್ತು. ಇಳಿಜಾರಿನ ನಡುವೆ ಬರುತ್ತಲೇ ಹಾಡು ಕುಗ್ಗಿತು. ಅವನು ಸಿಕ್ಕಿದ ಜಾಗ ಎಲ್ಲರಿಗೂ ನೆನಪಿತ್ತು. ಜನ ಅಲ್ಲಿ ಮೆತ್ತಗೆ ಹೆಜ್ಜೆ ಇಡತೊಡಗಿದರು, ಕೆಲವರು ಸುತ್ತು ಬಳಸಿ ಹೋಗಲು ಸಾಲು ಬಾಗಿಸಿದರು. ಯಾಂಗ್‌ಜಿನ್ ಕೂಡ ಅವಳ ಕೈಯನ್ನು ಪಕ್ಕಕ್ಕೆ ಎಳೆದಳು.

ನೀಲಾಂಬಿಕಾ ಸಾಲನ್ನು ನೇರಕ್ಕೆ ಎಳೆದುಕೊಂಡಳು. ಆ ಜಾಗದ ಮೇಲೆ ಎರಡೂ ಕಾಲೂರಿ ನಿಂತು, ಎಲ್ಲರಿಗಿಂತ ಜೋರಾಗಿ ತುಳಿದಳು.